ಚಿತ್ತಾರ, ಕೌದಿ, ಅಂಕಿತ

ಶಿಕಾರಿಪುರ ತಾಲ್ಲೂಕಿನ ಉಡುತಡಿಯು ಅಕ್ಕಮಹಾದೇವಿಯ ಊರೆಂಬುದು ವಾಚಕರಿಗೆ ವಿದಿತವೇ ಆಗಿದೆ. ಆಕೆಯ ವಚನಗಳಲ್ಲಿ ಬರುವ ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತವು ದೇವರ ಹೆಸರಾಗಿದ್ದರೂ, ಆ ಮಾತು ಯಾರದೆಂಬುದನ್ನು ಎಂಟು ಶತಮಾನಗಳ ಬಳಿಕವೂ ತಿಳಿಸುತ್ತಲಿದೆ. ನೆರೆಯ ಸೊರಬದ ಹಳ್ಳಿಗಳಲ್ಲಿ ದೀವರ ಹೆಂಗಸರು ತಲೆತಲಾಂತರದಿಂದ ಗೋಡೆಯ ಮೇಲೆ ಬರೆಯುತ್ತ ಬಂದ ಚಿತ್ತಾರಗಳಿಗಾದರೋ ಯಾವ ಅಂಕಿತವೂ ಇಲ್ಲ. ಈ ಅಭಾವವು ಕಲೆಯ ಸ್ವಭಾವದಿಂದ ಬಂದುದೋ, ನೋಡುವವರ ಉಪೇಕ್ಷೆಯಿಂದ ಬಂದುದೋ ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಚಿತ್ತಾರದ ಕ್ರಮ ಹೀಗಿದೆ. ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯಿಂದ ಬಿಳಿಯ ಬಣ್ಣವನ್ನೂ, ಕರಿಯಾಗುವಂತೆ ಹುರಿದ ಅಕ್ಕಿಯಿಂದ ಕಪ್ಪನ್ನೂ, ಗುರಿಗೆ ಕಾಯಿಯಿಂದ ಹಳದಿಯನ್ನೂ ಮಾಡಿಕೊಳ್ಳುವರು. ಪುಂಡಿ ನಾರೇ ಕುಂಚ. ಮದುವೆಯಲ್ಲಿ ವಧೂವರರು ಕೂಡುವೆಡೆಯ ಹಸೆಗೋಡೆಯ ಮೇಲೆ ಎಳೆಗೆ ಎಳೆ ಸೇರಿಸಿ ಮನೆಯನ್ನೂ ಮದುಮಕ್ಕಳನ್ನೂ ಪೈರನ್ನೂ ರೂಪಿಸುವರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಬರವಣಿಗೆ. ತಾಯಿಯ ಪಕ್ಕದಲ್ಲಿ ಕುಳಿತು ಮಗಳು ಕಲಿಯುವ ವಿದ್ಯೆಯಿದು. ಬಲ್ಲವಳಿಗೆ ‘ಚಿತ್ತಾರಗಿತ್ತಿ’ ಎಂದು ಹೆಸರು. ಈ ಜನರಲ್ಲಿ ಬಹುಮಂದಿ ಗೇಣಿಯ ಒಕ್ಕಲುಗಳಾಗಿ ಒಡೆಯರ ಭೂಮಿಯನ್ನು ಉತ್ತವರು; 1951ರ ಕಾಗೋಡು ಸತ್ಯಾಗ್ರಹದಲ್ಲಿ ನಿಂತವರೂ ಇವರೇ. ಭೂಮಿಯ ಮೇಲೆ ಹಕ್ಕಿಲ್ಲದವರ ಕಲೆಯನ್ನು ಕಲೆಯೆಂದು ಎಣಿಸುವ ವಾಡಿಕೆಯೂ ಆಗ ಇರಲಿಲ್ಲ.

ಇಂತಹ ಉಪೇಕ್ಷೆಯನ್ನು ಸ್ವಂತ ಬಾಳಿನಲ್ಲಿ ಕಂಡು, ಅದನ್ನು ಕುರಿತು ಬರೆದವರು ಅಮೆರಿಕದ ಕಪ್ಪು ಜನಾಂಗದ ಕಲಾವಿದೆ ಫೇತ್ ರಿಂಗೋಲ್ಡ್ (1930–2024). ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿ ಉಬ್ಬಸದಿಂದ ಮನೆಯಲ್ಲೇ ಉಳಿದು, ಉಡುಪು ವಿನ್ಯಾಸಕಿಯಾದ ತಾಯಿ ವಿಲ್ಲಿ ಪೋಸಿಯವರಿಂದ ಹೊಲಿಗೆಯನ್ನು ಕಲಿತರು. ಕಾಲೇಜಿನಲ್ಲಿ ಕಲಿಸಿದುದು ಯೂರೋಪಿನ ಕಲೆ; ಆಫ್ರಿಕದ ಕಲೆಯನ್ನು ಅವರು ತಾವಾಗಿಯೇ ಅರಸಿಕೊಳ್ಳಬೇಕಾಯಿತು. 1972ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಕಂಡ ಟಿಬೆಟ್ಟಿನ ತಂಕಾ ಚಿತ್ರಗಳು ಬಟ್ಟೆಯ ಅಂಚಿನ ಚಿತ್ರಗಳಿಗೆ ದಾರಿ ತೋರಿದವು. ಆತ್ಮಕಥೆಗೆ ಪ್ರಕಾಶಕರು ದೊರೆಯದಿದ್ದಾಗ ಕೌದಿಯ ಮೇಲೆಯೇ ಕಥೆಯನ್ನು ಬರೆದರು. ಇಂತಹ ಮೊದಲ ಕೌದಿ 1983ರದು. ಆತ್ಮಕಥೆ ಅಚ್ಚಾದುದು 1995ರಲ್ಲಿ. ಅಡಿಗೆಮನೆಯ ಬದಿಯ ಕಸುಬೆಂದು ಜನ ತಳ್ಳಿದ ಹೊಲಿಗೆಯು ಅವರಿಗೆ ಶಾಲೆಯೂ ಆಯಿತು, ಅಂಕಿತವೂ ಆಯಿತು.

ಆಫ್ರಿಕದ ಕೌದಿಯು ನಮಗೆ ದೂರದ್ದೇನೂ ಅಲ್ಲ. ಸೊರಬದ ಗಡಿಯಾಚೆಯ ಉತ್ತರ ಕನ್ನಡದಲ್ಲಿ, ಯಲ್ಲಾಪುರ ಹಳಿಯಾಳಗಳ ಕಾಡಂಚಿನಲ್ಲಿ, ಆಫ್ರಿಕ ಮೂಲದ ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳ ತುಣುಕುಗಳಿಂದ ಕೌದಿ ಹೊಲಿಯುವರು. ಮೂಲೆಗಳಲ್ಲಿ ‘ಫೂಲ’ವಿಲ್ಲದಿದ್ದರೆ ಕೌದಿ ಪೂರ್ಣವಾಗದೆಂಬುದು ಅವರ ಮತ. ಅಮೆರಿಕದ ಕಲೇತಿಹಾಸಜ್ಞ ಹೆನ್ರಿ ಡ್ರೂವಲ್ ಇವುಗಳನ್ನು ಅಭ್ಯಸಿಸಿದ್ದಾರೆ. ಈ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದುದು 2003ರಲ್ಲಿ.

ವರ್ಣಭೇದವೂ ಜಾತಿಭೇದವೂ ಒಂದೇ ಅಲ್ಲ. ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ರಿಂಗೋಲ್ಡ್ ಅವರ ಕೌದಿಗಳು ಸಂಗ್ರಹಾಲಯದಲ್ಲಿ ಉಳಿಯುವಂಥವು. ಹಸೆಗೋಡೆಯ ಚಿತ್ತಾರವು ಮದುವೆಗೆಂದು ಮೂಡಿ, ಕಾಲಕ್ರಮದಲ್ಲಿ ಅಳಿಯುವಂಥದು. ಅಳಿಯುವ ಕಲೆಗೆ ಅಂಕಿತವೇಕೆಂದು ಕೇಳಬಹುದು. ಆದರೆ ಮದುವೆಗೆ ಯಾವ ಚಿತ್ತಾರಗಿತ್ತಿಯನ್ನು ಕರೆಯಬೇಕೆಂಬುದನ್ನು ಊರು ಬಲ್ಲುದು. ಅಲ್ಲಿ ಆಕೆ ಅನಾಮಿಕಳಲ್ಲ. ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿ ಕೆಳಗೆ ‘ಜಾನಪದ’ವೆಂದಷ್ಟೇ ಬರೆದಾಗ ಹೆಸರು ಬಿದ್ದುಹೋಗುತ್ತದೆ. ಆದುದರಿಂದ ಅಂಕಿತದ ಅಭಾವವು ಬಹುಮಟ್ಟಿಗೆ ಸಂಗ್ರಾಹಕರ ಕಡೆಯದು. ಇಂದು ಚಿತ್ತಾರವು ಕಾಗದಕ್ಕೂ ಬಟ್ಟೆಗೂ ಬಂದು ಮಾರಾಟವಾಗುತ್ತಿರುವಾಗ ಈ ಲೋಪದಿಂದ ಕಲಾವಿದೆಗೆ ಮಾನದ ಹಾನಿಯೊಡನೆ ಸಂಪಾದನೆಯ ಹಾನಿಯೂ ಒದಗಬಹುದು.

ವಚನದ ಕರ್ತೃವನ್ನು ನಿರ್ಣಯಿಸಲು ವಿದ್ವಾಂಸರು ಅಂಕಿತವನ್ನು ಎಷ್ಟು ಶ್ರಮದಿಂದ ಪರಿಶೀಲಿಸುತ್ತಾರೋ, ಚಿತ್ತಾರವನ್ನು ದಾಖಲಿಸುವಾಗಲೂ ಅಷ್ಟೇ ಶ್ರಮ ಅವಶ್ಯ. ಆಕೆಯ ಒಪ್ಪಿಗೆ ಪಡೆದು, ಹೆಸರು, ಊರು, ಯಾರಿಂದ ಕಲಿತದ್ದು ಎಂಬ ಮೂರನ್ನು ಬರೆದಿಡುವ ಕಾರ್ಯವನ್ನು ಶಿಕಾರಿಪುರ ಸೊರಬಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದಲೇ ಆರಂಭಿಸಬಹುದಾಗಿದೆ.