ರಬ್ಬರೂ ರಕ್ತನಾಳವೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ತಾತನವರ ಹೊಟ್ಟೆಯ ಸ್ಕ್ಯಾನ್ ನೋಡಿದ ವೈದ್ಯರು, "ಮಹಾಧಮನಿ ಒಂದೆಡೆ ಬಲೂನಿನಂತೆ ಊದಿಕೊಂಡಿದೆ, ಅಗಲ 4 ಸೆಂಟಿಮೀಟರ್. ಸದ್ಯಕ್ಕೆ ಭಯವಿಲ್ಲ, ವರ್ಷಕ್ಕೊಮ್ಮೆ ನೋಡುತ್ತಿರೋಣ" ಎಂದರು. ಮನೆಯವರೆಲ್ಲ ಗಾಬರಿಯಾದರು. ನನಗೋ ಗಾಬರಿಯ ಜೊತೆಗೆ ಒಂದು ಸಂದೇಹವೂ ಹತ್ತಿತು. ರಕ್ತನಾಳವೂ ರಬ್ಬರಿನಂತೆ ಹಿಗ್ಗುವ ವಸ್ತುವಾದರೆ, ಎದೆ ಬಡಿದಾಗಲೆಲ್ಲ ಒತ್ತಡವನ್ನು ಸಹಿಸುವ ಎಲ್ಲರ ಧಮನಿಗಳೂ ಏಕೆ ಹಾಗೆ ಊದಿಕೊಳ್ಳುವುದಿಲ್ಲ? ಉತ್ತರ ಗಣಿತದಲ್ಲಿದೆ. ಗಣಿತವೆಂದೊಡನೆ ಪುಟ ಮಗುಚುವ ಮಿತ್ರರು ದಯಮಾಡಿ ನಿಲ್ಲಬೇಕು. ಬರುವ ಸಮೀಕರಣ ಒಂದೇ.

ಎಳೆದಷ್ಟೂ ಹಿಗ್ಗು, ಹಿಗ್ಗಿದಷ್ಟೂ ಸೆಳೆತ: 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ಈ ನಿಯಮ ಉಕ್ಕಿನ ಸುರುಳಿಗೆ ಸೊಗಸಾಗಿ ಒಪ್ಪುತ್ತದೆ. ನಕ್ಷೆ ಬರೆದರೆ ಸರಳರೇಖೆ. ಸೈಕಲ್ ಟ್ಯೂಬಿನ ಪಟ್ಟಿಗೆ ತೂಕ ಕಟ್ಟಿ ನೋಡಿದರೆ ರೇಖೆ ಬಾಗುತ್ತದೆ. ರಬ್ಬರಿನ ಅಣುಗಳು ಮುದುಡಿದ ಉದ್ದನೆಯ ಎಳೆಗಳು. ಶಾಖದಿಂದ ಸದಾ ಕುಲುಕಾಡುವ ಅವನ್ನು ಎಳೆದು ನೆಟ್ಟಗೆ ಮಾಡಿದರೆ, ಮತ್ತೆ ಮುದುಡಲು ಹವಣಿಸುತ್ತವೆ. ಹಿಗ್ಗಿಸಿದ ರಬ್ಬರನ್ನು ಕಾಯಿಸಿದರೆ ಅದು ಕುಗ್ಗುತ್ತದೆಂದು 1805ರಲ್ಲಿ ತಿಳಿಸಿದವನು ಜಾನ್ ಗಾಫ್ ಎಂಬ ಕುರುಡ. ಎಳೆದ ರಬ್ಬರು ಬೆಚ್ಚಗಾಗುವುದನ್ನು ಅವನು ತುಟಿಗೆ ತಾಗಿಸಿ ಅರಿತಿದ್ದ! ಈ ಎಳೆಗಳ ಲೆಕ್ಕದಿಂದ ಹೊರಡುವ ಸೂತ್ರ ಹೀಗಿದೆ:

ಬ = ಗ (ಹ − 1/ಹ²)

'ಹ' ಎಂದರೆ ಪಟ್ಟಿ ಮೊದಲಿಗಿಂತ ಎಷ್ಟು ಪಟ್ಟು ಉದ್ದವಾಯಿತು ಎಂಬುದು; 'ಗ' ರಬ್ಬರಿನ ಗಡಸು; 'ಬ' ಮೊದಲಿನ ಅಡ್ಡಕೊಯ್ತದ ಒಂದು ಚದರಕ್ಕೆ ಬೀಳುವ ಬಲ.

ಇದೇ ಲೆಕ್ಕವನ್ನು ಗುಂಡನೆಯ ಬಲೂನಿಗೆ ಹಚ್ಚಿದರೆ ಒಂದು ಕೌತುಕ ಕಾಣುತ್ತದೆ. ವ್ಯಾಸ ಸುಮಾರು 1.38 ಪಟ್ಟಾಗುವವರೆಗೆ ಒಳಗಿನ ಒತ್ತಡ ಏರಿ, ಆಮೇಲೆ ಇಳಿಯುತ್ತದೆ. ಗೋಡೆ ತೆಳುವಾಗುತ್ತದೆ, ಬಾಗೂ ಸಡಿಲುತ್ತದೆ. ಜಾತ್ರೆಯ ಬಲೂನಿಗೆ ಮೊದಲ ಉಸಿರುಗಳಲ್ಲೇ ಕೆನ್ನೆ ನೋಯುವುದೂ, ಬಳಿಕ ಸಲೀಸಾಗಿ ಊದುವುದೂ ಇದರಿಂದಲೇ. (ಒಡೆಯುವ ಮುನ್ನ ನಿಜವಾದ ರಬ್ಬರು ಮತ್ತೆ ಬಿಗಿಯುತ್ತದೆ, ಅಲ್ಲಿ ಈ ಸೂತ್ರ ಸಾಲದು.)

ಧಮನಿ ಹೀಗೆ ನಡೆದುಕೊಂಡರೆ ಬದುಕುವುದುಂಟೆ? ಅದರ ಗೋಡೆಯಲ್ಲಿ ಎರಡು ಬಗೆಯ ನಾರುಗಳಿವೆ: ಮೆತ್ತಗೆ ಹಿಗ್ಗುವ ಇಲಾಸ್ಟಿನ್, ಗಡಸಾದ ಕೊಲಾಜನ್. ಕೊಲಾಜನ್ ಮೊದಲು ಸುಕ್ಕಾಗಿ ಸುಮ್ಮನಿರುತ್ತದೆ. ಹಿಗ್ಗು ಹೆಚ್ಚಿದಾಗ ನೆಟ್ಟಗಾಗಿ ಭಾರ ಹೊರುತ್ತದೆ. 1957ರಲ್ಲಿ ರೋಚ್ ಮತ್ತು ಬರ್ಟನ್ ಎಂಬವರು ಮನುಷ್ಯರ ಧಮನಿಗಳಲ್ಲಿ ಒಂದೊಂದು ನಾರನ್ನೇ ಕರಗಿಸಿ ಇದನ್ನು ತೋರಿಸಿದರು. ಮೊಲದ ಕರುಳಿನ ಪೊರೆಯನ್ನು ಎಳೆದು ನೋಡಿದ ಫಂಗ್ ಎಂಬ ವಿಜ್ಞಾನಿ 1967ರಲ್ಲಿ ಇದಕ್ಕೆ ಗಣಿತರೂಪ ಕೊಟ್ಟರು: ಸೆಳೆತ ಹೆಚ್ಚಿದಷ್ಟೂ ಬಿಗಿತ ಹೆಚ್ಚುತ್ತದೆ, ಥೇಟ್ ಚಕ್ರಬಡ್ಡಿಯಂತೆ. ಬಲೂನು ಸೋಲುವಲ್ಲಿ ಧಮನಿ ಬಿಗಿಯುತ್ತದೆ. ಊದಿಕೊಂಡ ಕಡೆ ಮಾತ್ರ ಇಲಾಸ್ಟಿನ್ ಸವೆದು, ಭಾರವೆಲ್ಲ ಕೊಲಾಜನ್ನಿನ ಮೇಲೆ ಬಿದ್ದಿರುತ್ತದೆ.

ತಾತನವರು ಸಹಕಾರ ಸಂಘದ ಲೆಕ್ಕ ಬರೆದವರು. ಚಕ್ರಬಡ್ಡಿಯೆಂದ ಕೂಡಲೇ ತಿಳಿಯಿತು. "ಹಾಗಾದರೆ ನನ್ನದು ಅಸಲು ಎಷ್ಟು ಉಳಿದಿದೆಯಪ್ಪಾ?" ಎಂದು ಕೇಳಿದರು. ಸ್ಕ್ಯಾನು ತೋರುವ ಅಗಲದಿಂದ ಅದನ್ನು ಹೇಳಲಾಗದು. ಗಂಡಸರಲ್ಲಿ ಸಾಮಾನ್ಯವಾಗಿ 5.5 ಸೆಂಟಿಮೀಟರ್ ಮುಟ್ಟಿದಾಗ ಶಸ್ತ್ರಕ್ರಿಯೆಯ ಮಾತೆತ್ತುತ್ತಾರೆ ಎಂದಷ್ಟೇ ಹೇಳಿದೆ. ಮುಂದಿನ ಪರೀಕ್ಷೆ ಬರುವ ಬೇಸಗೆಗೆ.