ಗ್ಯಾರೇಜಿನಲ್ಲಿ ಹುಟ್ಟಿದ ದಂತವಿದ್ಯೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದವರಿಲ್ಲ. ಹಲ್ಲು ಹೋಗುವುದನ್ನು ಹಿರಿಯರು ವಿಧಿಯ ಲೆಕ್ಕಕ್ಕೆ ಬರೆದುಬಿಟ್ಟರು. ಮುಪ್ಪು ಬಂತು, ಹಲ್ಲು ಬಿತ್ತು. ಇದಕ್ಕೆ ಯಾರನ್ನು ದೂರುವುದು? ಆದರೆ ಹಲ್ಲನ್ನು ಕೀಳುವುದು ಮುಪ್ಪಲ್ಲ. ದಿನದಿನವೂ ಹಲ್ಲಿನ ಬುಡದಲ್ಲಿ ಕೂಡುವ ಮೆತ್ತನೆಯ ಪಾಚಿ, ಅದರಲ್ಲಿ ನೆಲೆಸಿದ ಅಸಂಖ್ಯ ಸೂಕ್ಷ್ಮಜೀವಿಗಳು, ಆ ಪಾಚಿಯೇ ಜೊಲ್ಲಿನ ಸುಣ್ಣದಂಶವನ್ನು ಹೀರಿ ಕಲ್ಲಿನಂತೆ ಗಟ್ಟಿಯಾದ ಗಾರೆ, ಇವು ಸದ್ದಿಲ್ಲದೆ ಒಸಡನ್ನು ಸಡಿಲಗೊಳಿಸಿ ಮೂಳೆಯನ್ನು ಸವೆಸುತ್ತವೆ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಹಾನಿಯ ಹೆಚ್ಚಿನ ಪಾಲು ಮುಗಿದಿರುತ್ತದೆ.

ಹಾಗಾದರೆ ನೋವು ಬರುವ ಮುನ್ನವೇ ಹಲ್ಲನ್ನು ಕಾಯುವವರು ಯಾರು? ಕೆಟ್ಟ ಹಲ್ಲನ್ನು ಕೀಳಲು, ಹುಳುಕನ್ನು ತುಂಬಲು ವೈದ್ಯರಿದ್ದರು. ಕೆಡದ ಹಲ್ಲನ್ನು ಕೆಡದಂತೆ ನೋಡಿಕೊಳ್ಳುವ ಕೆಲಸಕ್ಕೆ ಒಂದು ಹೆಸರೂ ಇರಲಿಲ್ಲ, ಒಂದು ಶಾಲೆಯೂ ಇರಲಿಲ್ಲ. ಅವೆರಡನ್ನೂ ಒದಗಿಸಿದವರು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಬ್ರಿಡ್ಜ್‌ಪೋರ್ಟ್ ಪಟ್ಟಣದ ದಂತವೈದ್ಯ ಆಲ್ಫ್ರೆಡ್ ಫೋನ್ಸ್.

ಒಬ್ಬ ಶಿಷ್ಯೆ

ಫೋನ್ಸರ ತಂದೆಯೂ ದಂತವೈದ್ಯರು. ಮಗನು ತಂದೆಯ ಕಸುಬನ್ನೇ ಹಿಡಿದು ಹತ್ತು ವರ್ಷ ನಡೆಸಿದ ಮೇಲೆ, ಫಿಲಡೆಲ್ಫಿಯದ ಡಾಕ್ಟರ್ ಸ್ಮಿತ್ ಎಂಬ ಹಿರಿಯರ ವಿಚಾರವೊಂದು ಅವರ ಮನಸ್ಸನ್ನು ಹಿಡಿಯಿತು. ಆಗಿಂದಾಗ್ಗೆ ಹಲ್ಲುಗಳನ್ನು ಕ್ರಮವಾಗಿ ಶುಚಿಗೊಳಿಸಿ ನಯಮಾಡುತ್ತಿದ್ದರೆ ರೋಗವು ಬೇರೂರಲಾರದೆಂಬುದೇ ಆ ವಿಚಾರ. ಫೋನ್ಸ್ ಅದನ್ನು ತಮ್ಮ ರೋಗಿಗಳಲ್ಲಿ ಪರೀಕ್ಷಿಸಿ ನೋಡಿದರು. ಫಲ ಕಂಡಿತು, ಆದರೆ ಹೊತ್ತು ಸಾಲದಾಯಿತು. ಒಂದೊಂದು ಬಾಯಿಯನ್ನೂ ತಾಳ್ಮೆಯಿಂದ ಶುಚಿಗೊಳಿಸುತ್ತ ಕುಳಿತರೆ ಉಳಿದ ಚಿಕಿತ್ಸೆಗೆ ವೇಳೆಯೆಲ್ಲಿ?

1906ರಲ್ಲಿ ಅವರು ತಮ್ಮ ಸಹಾಯಕಿಯೂ ಸೋದರಸಂಬಂಧಿಯೂ ಆಗಿದ್ದ ಐರೀನ್ ನ್ಯೂಮನ್ ಎಂಬಾಕೆಗೆ ಈ ವಿದ್ಯೆಯನ್ನು ಕಲಿಸತೊಡಗಿದರು. ಗಾರೆಯನ್ನು ಕೆರೆದು ತೆಗೆಯುವುದು, ಹಲ್ಲಿನ ಮೈಯನ್ನು ನಯಮಾಡುವುದು, ಮನೆಯಲ್ಲಿ ಹಲ್ಲುಜ್ಜುವ ಕ್ರಮವನ್ನು ರೋಗಿಗೆ ತಿಳಿಹೇಳುವುದು, ಇಷ್ಟೂ ಆಕೆಗೆ ಕರಗತವಾಯಿತು. ಮುಂದಿನ ವರ್ಷದಿಂದಲೇ ಆಕೆ ರೋಗಿಗಳ ಹಲ್ಲುಗಳನ್ನು ಶುಚಿಗೊಳಿಸತೊಡಗಿದರು.

ಕೈಗೆ ಉಪಕರಣ ಕೊಡಬಹುದೇ?

ವೈದ್ಯರಲ್ಲದವರು ರೋಗಿಯ ಬಾಯಿಯೊಳಗೆ ಉಪಕರಣವಿಡುವುದು ಸರಿಯೇ ಎಂಬ ಪ್ರಶ್ನೆ ಕೂಡಲೇ ಎದ್ದಿತು. ಅದು ಕೇವಲ ಅಸೂಯೆಯ ಪ್ರಶ್ನೆಯಲ್ಲ. ಅರೆಬರೆ ಕಲಿತವರ ಕೈಯಲ್ಲಿ ಹರಿತವಾದ ಉಕ್ಕು ಒಸಡನ್ನು ಹರಿಯಬಲ್ಲುದು. 1910ರಲ್ಲಿ ಓಹಿಯೋ ಸಂಸ್ಥಾನದ ಸಿನ್ಸಿನಾಟಿಯ ದಂತವೈದ್ಯ ಕಾಲೇಜು ಇಂತಹದೇ ಶಿಕ್ಷಣವನ್ನು ಆರಂಭಿಸಿತ್ತು. ವೈದ್ಯರ ವಿರೋಧದಿಂದಾಗಿ ಅದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಫೋನ್ಸರು ಈ ಆಕ್ಷೇಪಕ್ಕೆ ವಾದದಿಂದಲ್ಲ, ಪಾಠಶಾಲೆಯಿಂದ ಉತ್ತರವಿತ್ತರು. 1913ರ ನವೆಂಬರಿನಲ್ಲಿ ತಮ್ಮ ಗ್ಯಾರೇಜನ್ನೇ ತರಗತಿಯಾಗಿ ಮಾರ್ಪಡಿಸಿದರು. 30ಕ್ಕೂ ಹೆಚ್ಚು ಸ್ತ್ರೀಯರು ಸೇರಿದರು. ಅವರಲ್ಲಿ ಉಪಾಧ್ಯಾಯಿನಿಯರಿದ್ದರು, ದಾದಿಯರಿದ್ದರು, ದಂತವೈದ್ಯರ ಪತ್ನಿಯರೂ ಇದ್ದರು. ಪಾಠ ಹೇಳಲು ಹೆಸರಾಂತ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ಬಂದರು. 1914ರಲ್ಲಿ ಮೊದಲ ತಂಡದ 27 ಮಂದಿ ತೇರ್ಗಡೆಯಾದರು.

ಅವರನ್ನು ಏನೆಂದು ಕರೆಯಬೇಕು? 'ದಂತದಾದಿ' ಎಂಬ ಹೆಸರು ಫೋನ್ಸರಿಗೆ ಹಿಡಿಸಲಿಲ್ಲ. ದಾದಿಯೆಂದೊಡನೆ ರೋಗದ ನೆನಪಾಗುತ್ತದೆ. ಇವರ ಕೆಲಸವಾದರೋ ಆರೋಗ್ಯವನ್ನು ಉಳಿಸುವುದು. ಆದುದರಿಂದ 'ಡೆಂಟಲ್ ಹೈಜೀನಿಸ್ಟ್', ಎಂದರೆ ದಂತ ನೈರ್ಮಲ್ಯದಲ್ಲಿ ಪರಿಣತಿಯುಳ್ಳವರು, ಎಂಬ ಹೆಸರನ್ನು ಬಳಕೆಗೆ ತಂದರು.

ಇವರಲ್ಲಿ ಕೆಲವರನ್ನು ಬ್ರಿಡ್ಜ್‌ಪೋರ್ಟಿನ ಶಾಲೆಗಳು ಬರಮಾಡಿಕೊಂಡವು. ಮಕ್ಕಳ ಹಲ್ಲುಗಳನ್ನು ಶುಚಿಗೊಳಿಸುವುದು, ತರಗತಿಯಲ್ಲೇ ಬ್ರಷ್ ಹಿಡಿಸಿ ಅಭ್ಯಾಸ ಮಾಡಿಸುವುದು, ದೊಡ್ಡ ಮಕ್ಕಳಿಗೆ ದೀಪಚಿತ್ರಗಳೊಡನೆ ಉಪನ್ಯಾಸ, ಮನೆಗಳಿಗೆ ತಿಳಿವಳಿಕೆಯ ಪತ್ರಗಳು, ಹೀಗೆ ನಾಲ್ಕು ಮುಖವಾಗಿ ಕೆಲಸ ಸಾಗಿತು. ಮಕ್ಕಳ ಹಲ್ಲಿನ ಹುಳುಕು ಗಣನೀಯವಾಗಿ ತಗ್ಗಿತೆಂದು ಫೋನ್ಸ್ ವರದಿ ಮಾಡಿದರು. 3 ತಂಡಗಳಲ್ಲಿ 97 ಮಂದಿಯನ್ನು ತರಬೇತುಗೊಳಿಸಿ ಗ್ಯಾರೇಜಿನ ಶಾಲೆ ಮುಚ್ಚಿತು. ಅಷ್ಟರಲ್ಲಿ ಈ ವಿದ್ಯೆ ಕಾಲೇಜುಗಳನ್ನು ಪ್ರವೇಶಿಸಿತ್ತು. 1917ರಲ್ಲಿ ಐರೀನ್ ನ್ಯೂಮನ್ ಕನೆಕ್ಟಿಕಟ್ ಸಂಸ್ಥಾನದ ಪರವಾನಗಿಯನ್ನು ಪಡೆದು, ಲೋಕದಲ್ಲಿಯೇ ಪರವಾನಗಿ ಪಡೆದ ಮೊದಲ ಹೈಜೀನಿಸ್ಟ್ ಎನಿಸಿದರು.

ಕಾಲೇಜಿನ ದಿನಗಳು

ಅಮೆರಿಕದಲ್ಲಿ ಈ ಶಿಕ್ಷಣಕ್ಕೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳು ಬೇಕು. ಹಲ್ಲುಜ್ಜಿಸುವುದಕ್ಕೆ ಇಷ್ಟು ಓದೇಕೆ ಎಂದು ನಗುವವರು ಮೊದಲ ವರ್ಷದ ಪುಸ್ತಕಗಳನ್ನು ನೋಡಿದರೆ ಸುಮ್ಮನಾಗುವರು. ಶರೀರರಚನೆ, ಸೂಕ್ಷ್ಮಜೀವಿಶಾಸ್ತ್ರ, ರಸಾಯನ, ಔಷಧಶಾಸ್ತ್ರ, ಕ್ಷಕಿರಣ, ಆಹಾರ ವಿಜ್ಞಾನ, ಎಲ್ಲವೂ ಅಲ್ಲಿವೆ. ಬಿಡಿ ಹಲ್ಲೊಂದನ್ನು ಕೈಗಿತ್ತರೆ ಅದು 32ರಲ್ಲಿ ಯಾವುದು, ಎಡದ್ದೋ ಬಲದ್ದೋ ಎಂದು ವಿದ್ಯಾರ್ಥಿ ಹೇಳಬೇಕು.

ಅನಂತರ ಕೈಯ ಪಾಠ. ಉಪಕರಣವನ್ನು ಲೇಖನಿ ಹಿಡಿವಂತೆ ಹಿಡಿದು, ಒಂದು ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಬೇಕು; ರೋಗಿ ಬೆಚ್ಚಿದರೂ ಕೈ ಜಾರದಿರಲು ಆ ಊರುಗೋಲೇ ಆಧಾರ. ಅಲಗು ಹಲ್ಲಿನ ಮೈಗೆ ಸರಿಯಾದ ಕೋನದಲ್ಲಿ ಒರಗಬೇಕು. ಕೋನ ಕಿರಿದಾದರೆ ಗಾರೆ ಏಳುವುದಿಲ್ಲ, ಹಿರಿದಾದರೆ ಒಸಡಿಗೆ ಗಾಯ. ಮೊದಲು ಕೃತಕ ದವಡೆಯ ಮೇಲೆ, ಬಳಿಕ ಸಹಪಾಠಿಗಳ ಬಾಯಿಯಲ್ಲಿ, ಕೊನೆಗೆ ರೋಗಿಗಳಲ್ಲಿ ಅಭ್ಯಾಸ ನಡೆಯುತ್ತದೆ. ಸಹಪಾಠಿಯ ಕೈಯ ಒರಟುತನವನ್ನು ತನ್ನ ಬಾಯಲ್ಲಿ ಅನುಭವಿಸಿದವರು ಮೃದುತನವನ್ನು ಬೇಗ ಕಲಿಯುತ್ತಾರೆ.

ಒಸಡಿನ ಸಂದಿಯ ಆಳವನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆಯುವ ವಾಡಿಕೆಯಿದೆ. 32 ಹಲ್ಲಿರುವ ಬಾಯಿಗೆ 192 ಅಳತೆಗಳು! 3 ಮಿಲಿಮೀಟರಿನವರೆಗೆ ಚಿಂತೆಯಿಲ್ಲ; ಅದಕ್ಕೂ ಆಳವಾದರೆ ಎಚ್ಚರ ಬೇಕು. ಅನುಭವಿಗಳು ಒಂದು ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ವಿದ್ಯಾರ್ಥಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಕೆಲಸಕ್ಕೆ ಮುನ್ನ ರೋಗಿಯ ಪೂರ್ವವೃತ್ತಾಂತವನ್ನು ಕೇಳುವುದು ಕಡ್ಡಾಯ. ಹೃದಯದಲ್ಲಿ ಕೃತಕ ಕವಾಟವಿರುವವರಿಗೆ ಮೊದಲೇ ಔಷಧ ಕೊಡಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ವಿಷಯದಲ್ಲಿ ಜಾಗ್ರತೆ ಬೇಕು. ಕೊನೆಗೆ ಲಿಖಿತ ಪರೀಕ್ಷೆ, ಕೈಕುಶಲದ ಪರೀಕ್ಷೆ, ಪರವಾನಗಿ.

ಫೋನ್ಸರ ಕಾಲದ ನಂಬಿಕೆಯನ್ನು ವಿಜ್ಞಾನ ಒಂದಿಷ್ಟು ತಿದ್ದಿದೆ. ಶುಚಿಗೊಳಿಸಿದ ಮಾತ್ರಕ್ಕೆ ಹುಳುಕು ತಪ್ಪದು. ಸಕ್ಕರೆ ಪದೇ ಪದೇ ಬಾಯಿಗೆ ಬೀಳುವುದನ್ನು ತಡೆಯಬೇಕು, ಹಲ್ಲಿಗೆ ತಕ್ಕಷ್ಟು ಫ್ಲೋರೈಡ್ ದೊರೆಯಬೇಕು. ಹಾಗಾಗಿ ಹೈಜೀನಿಸ್ಟರ ಮಾತಿಗೂ ಕೈಯಷ್ಟೇ ತರಬೇತಿ ಬೇಕಾಗಿದೆ.

ಭಾರತದಲ್ಲಿ

ಭಾರತದಲ್ಲಿ 1948ರ ದಂತವೈದ್ಯರ ಕಾಯಿದೆಯೇ ಈ ಉದ್ಯೋಗವನ್ನು ಹೆಸರಿಸಿ, ಗಾರೆ ತೆಗೆಯುವುದು, ಹಲ್ಲು ಶುಚಿಮಾಡಿ ನಯಗೊಳಿಸುವುದು, ದಂತ ನೈರ್ಮಲ್ಯವನ್ನು ಬೋಧಿಸುವುದು ಇವರ ಕೆಲಸವೆಂದು ನಿರೂಪಿಸಿತು. ದಂತವೈದ್ಯ ಕಾಲೇಜುಗಳಲ್ಲಿ ಎರಡು ವರ್ಷಗಳ ಡಿಪ್ಲೊಮಾ ಶಿಕ್ಷಣ ರೂಪುಗೊಂಡಿತು. ಆದರೂ ಇಂಥದೊಂದು ಓದು ಇದೆಯೆಂಬುದೇ ಎಷ್ಟೋ ತಂದೆತಾಯಿಗಳಿಗೆ ತಿಳಿಯದು.

ಇವರ ಅಗತ್ಯವಾದರೋ ಸಣ್ಣದಲ್ಲ. ಹಲ್ಲು ಶುಚಿಮಾಡಿಸಿದರೆ ಸಡಿಲವಾಗುತ್ತದೆಂಬ ಭಯ ಊರೂರಲ್ಲಿದೆ. ನಿಜವೇನೆಂದರೆ, ಗಾರೆಯಿಂದ ಒಸಡು, ಮೂಳೆಗಳು ಮೊದಲೇ ಸೋತಿರುತ್ತವೆ; ಗಾರೆಯೇ ಹಲ್ಲುಗಳ ನಡುವೆ ಬೆಣೆಯಂತೆ ನಿಂತು ಆ ಸಡಿಲವನ್ನು ಮುಚ್ಚಿಟ್ಟಿರುತ್ತದೆ. ಅದನ್ನು ತೆಗೆದಾಗ ಹಳೆಯ ಹಾನಿ ಬಯಲಾಗುತ್ತದೆ, ಹೊಸದು ಹುಟ್ಟುವುದಿಲ್ಲ. ಇದನ್ನು ಕುಳ್ಳಿರಿಸಿಕೊಂಡು ತಿಳಿಹೇಳುವವರು ಬೇಕು. ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಹೊಗೆಸೊಪ್ಪು ಜಗಿಯುವ ಈ ನಾಡಿನ ಗಂಡಸರಲ್ಲಿ ಬಾಯಿಯ ಕ್ಯಾನ್ಸರು ಮುಂಚೂಣಿಯಲ್ಲಿರುವ ವ್ಯಾಧಿ. ಕೆನ್ನೆಯ ಒಳಗೋ ನಾಲಗೆಯ ಅಡಿಯಲ್ಲೋ ಮೂಡುವ ಬಿಳಿಯ ಮಚ್ಚೆ ನೋಯುವುದಿಲ್ಲ; ಕನ್ನಡಿಯಲ್ಲಿ ಕಾಣುವುದೂ ಕಷ್ಟ. ಹಲ್ಲು ಶುಚಿಗೊಳಿಸಲು ಬಾಗಿದ ತರಬೇತಿ ಪಡೆದ ಕಣ್ಣು ಅದನ್ನು ಕಂಡು ವೈದ್ಯರ ಬಳಿಗೆ ಕಳುಹಿಸಿದರೆ, ಉಳಿಯುವುದು ಹಲ್ಲು ಮಾತ್ರವಲ್ಲ, ಜೀವ.

ವಿಜ್ಞಾನ ಓದಿದ ಹುಡುಗಿಯೋ ಹುಡುಗನೋ ವೈದ್ಯಕೀಯದ ಸೀಟು ದೊರೆಯಲಿಲ್ಲವೆಂದು ಕೈಚೆಲ್ಲಿ ಕುಳಿತಿರುವ ಮನೆಗಳು ಎಷ್ಟೋ ಇವೆ. ಅಂತಹವರು ಐರೀನ್ ನ್ಯೂಮನ್ ಹಿಡಿದ ದಾರಿಯನ್ನು ಒಮ್ಮೆ ನೋಡಬಹುದು. ಇಳಿವಯಸ್ಸಿನಲ್ಲೂ ತಮ್ಮ ಹಲ್ಲಿನಿಂದಲೇ ಕಡಲೆ ಅಗಿಯುವವರು ಊರಲ್ಲಿ ಹೆಚ್ಚಾದರೆ, ಅದರ ಕೀರ್ತಿಯ ಒಂದು ಪಾಲು ಅವರದಾಗುತ್ತದೆ.