ಜೇನಿನ ಜಾಣ್ಮೆ, ಗಣಕದ ಲೆಕ್ಕ

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಕಡೆ ತೆಂಗಿನ ಹೊಂಬಾಳೆ ಒಡೆದಾಗ ಮರದಡಿ ನಿಂತರೆ ತುಡುವೆ ಜೇನಿನ ಝೇಂಕಾರ ಕೇಳಿಬರುತ್ತದೆ. ಮೊದಲು ಒಂದು ನೊಣ ಬಂದುಹೋಗುತ್ತದೆ. ಅನಂತರ ಹತ್ತಾರು ಬರುತ್ತವೆ. ಅವಕ್ಕೆ ಸುದ್ದಿ ಹೇಳಿದವರಾರು?

ಕುಣಿತವೇ ಜೇನಿನ ಭಾಷೆ. ಮೇವು ಕಂಡು ಗೂಡಿಗೆ ಮರಳಿದ ನೊಣ ಎರಿಯ ಮೇಲೆ ಮೈ ಅಲುಗಿಸುತ್ತ ಓಡುತ್ತದೆ. ಆ ಓಟದ ಕೋನದಿಂದ ದಿಕ್ಕೂ, ಅದು ಹಿಡಿದ ಹೊತ್ತಿನಿಂದ ದೂರವೂ ಉಳಿದವಕ್ಕೆ ತಿಳಿಯುತ್ತವೆ. ಈ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರೂ ಜರ್ಮನಿಯ ಸಂಶೋಧಕರೂ ಕೂಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮ ತುಡುವೆ, ಕೋಲುಜೇನು, ಹೆಜ್ಜೇನುಗಳ ಕುಣಿತದಲ್ಲಿ ಜಾತಿಯಿಂದ ಜಾತಿಗೆ ಭೇದವುಂಟೆಂದು ತೋರಿಸಿತು.

ಜೇನಿನ ಈ ನಡೆಯನ್ನು ಗಣಕಯಂತ್ರಕ್ಕೆ ಕಲಿಸಿದವರಲ್ಲಿ ತುರ್ಕಿಯ ಪ್ರಾಧ್ಯಾಪಕ ಡರ್ವಿಶ್ ಕರಾಬೊಗ ಒಬ್ಬರು. ಅವರು ಈ ಕ್ರಮವನ್ನು 2005ರಲ್ಲಿ ಮುಂದಿಟ್ಟರು. 2011ರಲ್ಲಿ ಅದನ್ನು ದತ್ತಾಂಶಗಳನ್ನು ಗುಂಪುಗೂಡಿಸುವುದಕ್ಕೂ ಅನ್ವಯಿಸಿ ಪ್ರಕಟಿಸಿದರು.

ಗುಂಪುಗೂಡಿಸುವುದೆಂದರೇನು? ಒಂದು ಊಹೆ ಮಾಡಿಕೊಳ್ಳೋಣ. ಚದರಿದ 30 ಹಟ್ಟಿಗಳಿವೆ. 3 ಕಡೆ ಹಾಲು ಕೊಳ್ಳುವ ಕೇಂದ್ರಗಳನ್ನು ಇಡಬೇಕು. ಪ್ರತಿ ಹಟ್ಟಿಯೂ ತನಗೆ ಹತ್ತಿರದ ಕೇಂದ್ರಕ್ಕೆ ಸೇರಲಿ. ಎಲ್ಲರ ನಡಿಗೆಯನ್ನೂ ಕೂಡಿಸಿದರೆ ಆ ಮೊತ್ತ ಆದಷ್ಟು ಕಡಮೆ ಬರಬೇಕು. ಹಟ್ಟಿಗಳ ಬದಲು ಹೂವಿನ ಎಸಳಿನ ಅಳತೆಗಳಿರಲಿ, ರೋಗಿಗಳ ರಕ್ತಪರೀಕ್ಷೆಯ ಅಂಕಿಗಳಿರಲಿ, ಲೆಕ್ಕದ ದಾರಿ ಒಂದೇ.

ಇಲ್ಲಿ ಹೂವೆಂದರೆ ಹಟ್ಟಿಯಲ್ಲ. ಮೂರು ಕೇಂದ್ರಗಳೂ ಕೂಡಿದ ಒಂದು ಏರ್ಪಾಟು. ನಡಿಗೆ ತಗ್ಗಿದಷ್ಟೂ ಆ ಹೂವಿನಲ್ಲಿ ಮಧು ಹೆಚ್ಚು. ಗಣಕದೊಳಗಿನ ದುಡಿಯುವ ನೊಣ ತನ್ನ ಏರ್ಪಾಟನ್ನು ಕೊಂಚ ಕದಲಿಸಿ ನೋಡುತ್ತದೆ. ಉತ್ತಮವಾದರೆ ಹೊಸದನ್ನೇ ಇರಿಸಿಕೊಳ್ಳುತ್ತದೆ. ಕುಣಿತ ನೋಡುವ ನೊಣಗಳು ಮಧು ಹೆಚ್ಚಿರುವ ಕಡೆಗೆ ಹೆಚ್ಚಾಗಿ ಹೋಗಿ, ಅಲ್ಲಿಯೇ ಸುತ್ತಮುತ್ತ ಹುಡುಕುತ್ತವೆ. ಗೊತ್ತುಮಾಡಿದಷ್ಟು ಸಲ ಯತ್ನಿಸಿದರೂ ಸುಧಾರಿಸದ ಏರ್ಪಾಟನ್ನು ಅದರ ನೊಣ ಬಿಟ್ಟುಕೊಟ್ಟು, ಹೊಸ ಕಡೆಗೆ ಹಾರುತ್ತದೆ. ಅದುವರೆಗೆ ಕಂಡ ಅತ್ಯುತ್ತಮವಾದುದನ್ನು ಗಣಕ ಬರೆದಿಟ್ಟುಕೊಂಡಿರುವುದರಿಂದ ಬಿಟ್ಟರೂ ನಷ್ಟವಿಲ್ಲ.

ಈ ಬಿಡುವ ಗುಣದಲ್ಲಿಯೇ ಸ್ವಾರಸ್ಯವಿದೆ. ಕೇಂದ್ರಗಳನ್ನು ಹೇಗೋ ಒಂದು ಕಡೆ ಇಟ್ಟು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋಗುವ ಹಳೆಯ ಕ್ರಮವು, ಮಂಜಿನಲ್ಲಿ ದಿಣ್ಣೆ ಹತ್ತಿದವನು ಅದನ್ನೇ ಮುಳ್ಳಯ್ಯನಗಿರಿಯೆಂದು ನಂಬಿ ಕುಳಿತಂತೆ, ಸಾಧಾರಣ ಉತ್ತರದಲ್ಲಿಯೇ ನಿಂತುಬಿಡುವುದುಂಟು. ಜೇನಿನ ಕ್ರಮಕ್ಕೆ ಆ ಭಯ ಕಡಮೆ. ಆದರೆ ಪರಮೋತ್ತಮವಾದುದೇ ದೊರೆಯುವುದೆಂಬ ಭರವಸೆ ಇದಕ್ಕೂ ಇಲ್ಲ.

ಇನ್ನೊಂದು ಮಾತು. ಯಾವುದನ್ನು ಅಳೆಯಬೇಕೆಂದು ಹೇಳುವವರು ನಾವು. ನಕ್ಷೆಯ ಮೇಲಿನ ನೇರ ದೂರವನ್ನಷ್ಟೇ ಕೊಟ್ಟು ನಡುವಣ ಹಳ್ಳವನ್ನು ಮರೆತರೆ, ಲೆಕ್ಕ ಸರಿಯಾಗಿಯೇ ಬರುತ್ತದೆ. ಮಳೆಗಾಲದಲ್ಲಿ ಹಾಲಿನ ಕ್ಯಾನು ಹೊತ್ತ ಅಜ್ಜಿ ಮಾತ್ರ ದಡದಲ್ಲಿ ನಿಲ್ಲಬೇಕಾಗುತ್ತದೆ. ಆದುದರಿಂದ ಗಣಕಕ್ಕೆ ಅಂಕಿ ಕೊಡುವ ಮೊದಲು ಆ ದಾರಿಯಲ್ಲಿ ನಡೆಯುವವರನ್ನು ಕೇಳುವುದು ಒಳ್ಳೆಯದು.